ನಮ್ಮ ಕಡಿ ನೋಡ್ಲಿಕ್ಕೆ ಏನದ?

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ತಿಂಥಣಿ ಕಡೆಗಿನ ರಸ್ತೆಗಳು ತುಂಬಿ ಹೋಗುತ್ತವೆ. ಟ್ರ್ಯಾಕ್ಟರ್, ಟಂಟಂ, ಕ್ರೂಸರ್, ಸರ್ಕಾರಿ ಬಸ್ಸು, ಜೊತೆಗೆ ನಡೆದು ಬರುವವರ ಸಾಲು. ಮೌನೇಶ್ವರನ ಜಾತ್ರೆ ಅದು. ಜನ ಕೃಷ್ಣೆಯಲ್ಲಿ ಮುಳುಗೆದ್ದು, ಗುಡಿಗೆ ಹೋಗಿ ಕಾಯಿ ಒಡೆಸಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು, ಮಕ್ಕಳಿಗೊಂದು ಪೀಪಿ ಕೊಡಿಸಿ ಊರ ದಾರಿ ಹಿಡಿಯುತ್ತಾರೆ. ಎಷ್ಟೋ ದೂರದಿಂದ ಬಂದವರಿಗೆ "ಇನ್ನೊಂದು ದಿನ ಇರ್ರಿ" ಅಂದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಇದ್ದು ಏನ್ ಮಾಡೂದು? ಇಲ್ಲಿ ನೋಡ್ಲಿಕ್ಕೆ ಮತ್ತೇನದ?"

ಹೊರಗಿನವರು ಹೀಗಂದರೆ ಇರಲಿ ಅನ್ನಬಹುದು. ನಮ್ಮ ಮನೆಗಳಲ್ಲೂ ಇದೇ ಮಾತು. ಬೆಂಗಳೂರಿನಿಂದ ಗೆಳೆಯರು ಬರುತ್ತಾರೆ ಅಂದರೆ ಹಿರಿಯರು, "ಇಲ್ಲಿಗ್ಯಾಕ ಕರೀತೀರಿ, ಬಿಸಲು ಭಾಳ, ಹಂಪಿಗೆ ಹೋಗ್ರಂತ ಹೇಳ್ರಿ" ಅನ್ನುತ್ತಾರೆ. ಅದಕ್ಕೇ ಕಳೆದ ಚಳಿಗಾಲದಲ್ಲಿ ನಾವು ನಾಲ್ವರು ಎರಡು ಬೈಕು ತಗೊಂಡು, ತಿಂಥಣಿಯಿಂದ ಹೊರಟು, ಸುರಪುರ, ಹುಣಸಗಿ, ಕೊಡೇಕಲ್, ನಾರಾಯಣಪುರ ಸುತ್ತಿ ಬಂದೆವು. ಕೇಳಿದ ಪ್ರಶ್ನೆಗೆ ಪಟ್ಟಿ ಸಮೇತ ಉತ್ತರ ಕೊಡೋಣ ಅನ್ನುವುದು ಲೆಕ್ಕ. ಪಟ್ಟಿ ಸಿಕ್ಕಿತು. ಅದರ ಜೊತೆ ಬೇರೆ ಒಂದು ಪ್ರಶ್ನೆಯೂ ಸಿಕ್ಕಿತು. ಎರಡನ್ನೂ ನಿಮ್ಮ ಮುಂದೆ ಇಡುತ್ತೇವೆ.

ತಿಂಥಣಿಯಿಂದಲೇ ಶುರು ಮಾಡೋಣ. ಕೃಷ್ಣೆಯ ದಂಡೆಯ ಈ ಗುಡಿಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಮೌನೇಶ್ವರ, ಮೋನಪ್ಪ, ಮೌನುದ್ದೀನ್, ಯಾವ ಹೆಸರಿನಲ್ಲಿ ಕರೆದರೂ ಅವರೇ. ನಮ್ಮ ಭಾಗದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆಯಿರಿ, ಒಬ್ಬ ಮೋನಪ್ಪನೋ ಮೌನೇಶನೋ ಇರುತ್ತಾನೆ. ಜಾತ್ರೆ ಇಲ್ಲದ ದಿನ ಬೆಳಿಗ್ಗೆ ಹೋದರೆ ಗುಡಿ ಶಾಂತ. ಬಂಡೆಗಳ ನಡುವೆ ಹರಿಯುವ ನೀರಿನ ಸದ್ದು, ಆಚೆ ಸೇತುವೆ ಮೇಲೆ ಲಿಂಗಸುಗೂರು ಕಡೆ ಓಡುವ ಲಾರಿಗಳ ಸದ್ದು, ಇಷ್ಟೇ. ಆ ಸೇತುವೆ ಮೇಲೆ ಹೋಗುವುದು ಜೇವರ್ಗಿಯಿಂದ ಬಳ್ಳಾರಿ ಮೇಲೆ ಚಾಮರಾಜನಗರದ ತನಕ ಮುಟ್ಟುವ ರಾಷ್ಟ್ರೀಯ ಹೆದ್ದಾರಿ. ದಿನಾ ಅದೆಷ್ಟೋ ಕಾರು ಹಾದು ಹೋಗುತ್ತವೆ. ನಿಲ್ಲುವುದು ಚಹಾಕ್ಕೆ ಮಾತ್ರ.

ಆ ಹೆದ್ದಾರಿಯಲ್ಲಿ ಸುರಪುರದ ಕಡೆ ಹೊರಟರೆ ದೇವಾಪುರ ಸಿಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವಾಗ ಅಂಗಡಿಯವರನ್ನು ಕೇಳಿದೆವು, "ಔರಂಗಜೇಬ ಇಲ್ಲಿ ತಿಂಗಳುಗಟ್ಟಲೆ ಇದ್ದ, ಗೊತ್ತೇನ್ರಿ?" ಅವರು ನಕ್ಕರು. ಆದರೆ ಅದು ನಿಜ. 1705ರಲ್ಲಿ ದಿಲ್ಲಿಯ ಆ ಮುದಿ ಬಾದಶಹ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಇಲ್ಲಿಗೆ ಹತ್ತಿರದ ವಾಗಿಣಗೇರಾ ಕೋಟೆಗೆ ತಾನೇ ಬಂದು ಮುತ್ತಿಗೆ ಹಾಕಿದ. ಎದುರಿಗಿದ್ದವರು ಬೇಡ ನಾಯಕರು, ಅವರ ಮುಂದಾಳು ಪಿಡ್ಡನಾಯಕ. ಇಡೀ ಹಿಂದುಸ್ತಾನದ ಫೌಜು ಒಂದು ಸಣ್ಣ ಸಂಸ್ಥಾನದ ಗುಡ್ಡದ ಮುಂದೆ ತಿಂಗಳುಗಟ್ಟಲೆ ಕೂತಿತು. ಕೊನೆಗೆ ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಮುತ್ತಿಗೆ ಮುಗಿದ ಮೇಲೆ ಬಾದಶಹ ದೇವಾಪುರದಲ್ಲಿ ಬೀಡು ಬಿಟ್ಟ. ಅಲ್ಲೇ ಭಾರಿ ಕಾಯಿಲೆ ಬಿದ್ದ. ಅವನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎರಡು ವರ್ಷ ಕಳೆಯುವುದರೊಳಗೆ ಅಹ್ಮದನಗರದಲ್ಲಿ ತೀರಿಕೊಂಡ.

ಚಹಾದ ಅಂಗಡಿಯವರು ಕೇಳಿ ಸುಮ್ಮನಾದರು. ಆಮೇಲೆ ಅಂದರು: "ಇದನ್ನ ನಮ್ಮ ಸಾಲ್ಯಾಗ ಯಾಕ ಹೇಳ್ಲಿಲ್ಲ?"

ಸುರಪುರ ಗುಡ್ಡಗಳ ನಡುವೆ ಕೂತ ಊರು. ಬಂಡೆ ಮೇಲೆ ಬಂಡೆ, ಅದರ ಸಂದಿಯಲ್ಲಿ ಓಣಿ. ನಾಯಕರ ಅರಮನೆ, ವೇಣುಗೋಪಾಲಸ್ವಾಮಿ ಗುಡಿ, ಗುಡ್ಡದ ಮೇಲೆ ಟೇಲರ್ ಮಂಜಿಲ್. ಆ ಬಂಗಲೆ ಕಟ್ಟಿಸಿದ ಮೆಡೋಸ್ ಟೇಲರ್ 1840ರ ದಶಕದಲ್ಲಿ ಬ್ರಿಟಿಷರ ಪರವಾಗಿ ಇಲ್ಲಿಗೆ ಬಂದ ಅಧಿಕಾರಿ. ಆಗ ಅರಸ ವೆಂಕಟಪ್ಪನಾಯಕ ಇನ್ನೂ ಸಣ್ಣ ಹುಡುಗ. ಟೇಲರ್ 10 ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯಲ್ಲೇ ಇದ್ದ. ಅವನ ಕಣ್ಣೆದುರು ಬೆಳೆದ ಆ ಹುಡುಗನೇ ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ, ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಈ ಕಥೆ ಸುರಪುರದವರಿಗೆ ಚೆನ್ನಾಗಿ ಗೊತ್ತು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಟೇಲರ್ ಬಿಡುವು ಸಿಕ್ಕಾಗ ನಮ್ಮ ಹೊಲ, ಗುಡ್ಡ ತಿರುಗಿ ಹಳೆಯ ಕಲ್ಲುಗಳನ್ನು ಅಳೆಯುತ್ತಿದ್ದ. ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ಜೋಡಿಸಿಟ್ಟ ಗುಂಡುಗಳು, ಇವನ್ನೆಲ್ಲ ಬರೆದು, ಚಿತ್ರ ತೆಗೆದು, 1850ರ ದಶಕದಲ್ಲೇ ಮುಂಬೈಯ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಭಾರತದ ಬೃಹತ್ ಶಿಲಾಯುಗದ ಬಗ್ಗೆ ಬಂದ ಮೊದಮೊದಲ ಬರಹಗಳಲ್ಲಿ ನಮ್ಮ ಸುರಪುರ ಸೀಮೆಯ ಹೆಸರಿದೆ. ಅಂದರೆ 170 ವರ್ಷದ ಹಿಂದೆಯೇ "ಇಲ್ಲಿ ನೋಡ್ಲಿಕ್ಕೆ ಭಾಳ ಅದ" ಅಂತ ಒಬ್ಬ ಪರದೇಶಿ ಬರೆದಿಟ್ಟ. ನಮಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.

ರಾಜನಕೋಳೂರಿನ ಕಲ್ಲುಮನೆ ನೋಡಿದವರು ಮರೆಯುವುದಿಲ್ಲ. ದೊಡ್ಡ ದೊಡ್ಡ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಒಂದು ಪಕ್ಕದಲ್ಲಿ ದುಂಡನೆಯ ಕಿಂಡಿ. ನಮ್ಮ ಕಡೆ ಇಂಥವನ್ನು ಪಾಂಡವರ ಮನೆ, ಮೋರ್ಯರ ಮನೆ ಅಂತಾರೆ. ಕುಳ್ಳ ಜನ ವಾಸ ಮಾಡುತ್ತಿದ್ದರು ಅಂತ ಕಥೆ ಹೇಳುತ್ತಾರೆ. ಪುರಾತತ್ವ ಬಲ್ಲವರ ಪ್ರಕಾರ ಇವು ಸತ್ತವರ ನೆನಪಿಗೆ ಕಟ್ಟಿದವು, ಎರಡು ಸಾವಿರ ವರ್ಷಕ್ಕೂ ಹಳೆಯವು. ಕಬ್ಬಿಣ ಬಳಸಲು ಕಲಿತ ಕಾಲದ ಜನ ಅವರು. ಕ್ರೇನು ಇಲ್ಲ, ಜೆಸಿಬಿ ಇಲ್ಲ. ಊರಿಗೆ ಊರೇ ಸೇರಿ ಹಗ್ಗ ಹಾಕಿ ಎಳೆಯದೆ ಆ ಚಪ್ಪಡಿ ಮೇಲೇರುವುದಿಲ್ಲ.

ಇದಕ್ಕಿಂತ ಹಳೆಯದು ಬೂದಿಹಾಳದ ಬೂದಿ ದಿಬ್ಬ. ಹೆಸರಿನಲ್ಲೇ ಬೂದಿ ಇದೆ. ಇಂಥ ದಿಬ್ಬಗಳು ರಾಯಚೂರು, ಬಳ್ಳಾರಿ ಕಡೆಗೂ ಇವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅಂತಾರೆ. ನಿಜ ಸಂಗತಿ ಇನ್ನೂ ಚೆಂದ. ಅದು ದನದ ಹಟ್ಟಿಯ ಬೂದಿ. ಸುಮಾರು 4,000 ವರ್ಷದ ಹಿಂದೆ ಇಲ್ಲಿನ ಜನ ದನ ಸಾಕಿಕೊಂಡಿದ್ದರು. ಹಟ್ಟಿಯ ಸಗಣಿಯನ್ನು ಗುಡ್ಡೆ ಹಾಕಿ ಸುಡುತ್ತಿದ್ದರು. ಸುಟ್ಟು ಸುಟ್ಟು ಬೂದಿ ಬೆಟ್ಟವಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಇಲ್ಲಿ ವರ್ಷಗಟ್ಟಲೆ ಅಗೆದು ನೋಡಿದರು. ದನ ಕಟ್ಟುವ ಜಾಗ, ಅದರ ಪಕ್ಕದಲ್ಲೇ ಮನೆಗಳು, ಪ್ರಾಣಿ ಕೊಯ್ಯುವ ನೆಲ, ಕಲ್ಲಿನ ಅಲಗು ಮಾಡುವ ಜಾಗ, ಮಡಕೆಯಲ್ಲಿಟ್ಟು ಹೂತ ಎಳೆ ಮಕ್ಕಳ ಎಲುಬು, ಎಲ್ಲ ಸಿಕ್ಕವು. ಕುರಿ ದನ ಮೇಯಿಸುವ ಮನೆಯಲ್ಲಿ ಹುಟ್ಟಿದ ನಮ್ಮ ಗೆಳೆಯ ಆ ದಿಬ್ಬದ ಮುಂದೆ ನಿಂತು, "ನಮ್ಮಪ್ಪನ ಹಟ್ಟಿನೂ ಹಿಂಗ ಇರ್ತದಲ್ಲೋ" ಅಂದ. ನಾವ್ಯಾರೂ ನಗಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹುಣಸಗಿ ಹತ್ತಿರದ ಇಸಾಂಪುರ. ಅಲ್ಲಿ ಆದಿಮಾನವರ ಕಲ್ಲಿನ ಕಾರ್ಖಾನೆ ಇತ್ತು. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಒಡೆದು, ಕೈಗೊಡಲಿ ಮಾಡುತ್ತಿದ್ದರು. ಮಾಡಿದ್ದೂ ಅಲ್ಲೇ ಬಿದ್ದಿತ್ತು, ಒಡೆದ ಚೂರೂ ಅಲ್ಲೇ ಬಿದ್ದಿತ್ತು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳನ್ನು ಪರೀಕ್ಷೆ ಮಾಡಿ ವಿಜ್ಞಾನಿಗಳು ಹಾಕಿದ ಅಂದಾಜು ಸುಮಾರು 12 ಲಕ್ಷ ವರ್ಷ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಯನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ತಿರುಗಿ ಇಂಥ ನೂರಾರು ಜಾಗ ಗುರುತಿಸಿದರು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅವರು ಬರೆದ ಒಂದು ಮಾತು ನಮಗೆ ಬಹಳ ಹಿಡಿಸಿತು. ಬೇಸಿಗೆಯಲ್ಲಿ ಆ ಜನ ಬತ್ತದ ಒರತೆಗಳ ಹತ್ತಿರ ಸೇರುತ್ತಿದ್ದರು, ಮಳೆ ಬಂದ ಮೇಲೆ ಕಣಿವೆ ತುಂಬ ಚದುರುತ್ತಿದ್ದರು ಎಂಬುದು ಅವರ ಅಭಿಪ್ರಾಯ. ಬೇಸಿಗೆಯಲ್ಲಿ ನೀರು ಹುಡುಕುವುದು ಈ ನೆಲಕ್ಕೆ 12 ಲಕ್ಷ ವರ್ಷದ ರೂಢಿ.

ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಚಳಿಗಾಲದಲ್ಲಿ ನೀರ ಹಕ್ಕಿ ತುಂಬುವ ಬೋನಾಳ ಕೆರೆ ಇದೆ. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟಸಾಲು ಇದೆ. ಶಿರವಾಳದ ಹಳೆಯ ಗುಡಿಗಳಿವೆ. ಕೊಡೇಕಲ್ ಬಸವಣ್ಣನ ಊರು ಇದೆ. ನಾರಾಯಣಪುರ ಅಣೆಕಟ್ಟಿನ ಕೆಳಗೆ, ಬಂಡೆಗಳ ನಡುವೆ ಛಾಯಾ ಭಗವತಿ ಇದ್ದಾಳೆ. ಹೊಳೆಯ ಆಚೆ, ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆ ಸೀಳಿ ಹರಿಯುವ ಜಲದುರ್ಗದ ಕೋಟೆ ಇದೆ. ಹಾಗಾಗಿ "ನೋಡ್ಲಿಕ್ಕೆ ಏನದ" ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದು ದಿನ ಸಾಲದಷ್ಟಿದೆ.

ಈಗ ಬೇರೆ ಪ್ರಶ್ನೆಗೆ ಬರುತ್ತೇವೆ.

ಒಂದು ಊರಿನ ಹೊಲದ ಬದುವಿನಲ್ಲಿ ಹಳೆಯ ಕಲ್ಲುಗಳ ಫೋಟೋ ತೆಗೆಯುತ್ತಿದ್ದೆವು. ಹತ್ತಿ ಬಿಡಿಸುತ್ತಿದ್ದ ಹಿರಿಯರೊಬ್ಬರು ಓಡೋಡಿ ಬಂದರು. "ಯಾರ್ರಿ ನೀವು? ಸರ್ವೇದವರೇನು?" ಅಲ್ಲ ಅಂದೆವು. ನಂಬಲಿಲ್ಲ. "ಫೋಟೋ ಹೊಡಕೊಂಡು ಹೋಗ್ತೀರಿ, ನಾಳಿಗಿ ಬೋರ್ಡ್ ಹಾಕ್ತಾರ, ನಾಡಿದ್ದು ಇಲ್ಲಿ ಮನಿ ಕಟ್ಟಬ್ಯಾಡ ಅಂತಾರ. ನಮ್ಮ ಹುಡುಗರು ಎಲ್ಲಿಗಿ ಹೋಗಬೇಕು?"

ಅವರ ಹೆದರಿಕೆ ಸುಳ್ಳಲ್ಲ. ಪ್ರಾಚೀನ ಸ್ಮಾರಕಗಳ ಕಾಯಿದೆ 1958ರದು. 2010ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟಬೇಕೆಂದರೆ ಅನುಮತಿ ಬೇಕು. ಈ 100 ಮೀಟರಿನ ನಿಷೇಧ ಕಟ್ಟಡಕ್ಕೆ, ಗಣಿಗಾರಿಕೆಗೆ. ಸುತ್ತಲಿನ ಹೊಲ ಉಳುವುದಕ್ಕೆ ಅಲ್ಲ. ಆದರೆ ಈ ವ್ಯತ್ಯಾಸವನ್ನು ಕೂತು ಬಿಡಿಸಿ ಹೇಳುವವರು ಹಳ್ಳಿಗೆ ಬರುವುದು ಅಪರೂಪ. ಹಾಗಾಗಿ ಕಲ್ಲು ಅಂದರೆ ಪೀಡೆ ಅನ್ನುವ ಭಾವನೆ ಬೇರೂರುತ್ತದೆ. ಪೀಡೆ ಅಂತ ಅನಿಸಿದ್ದನ್ನು ಜನ ಏನು ಮಾಡುತ್ತಾರೆ? ಬದುವಿಗೆ ಹಾಕುತ್ತಾರೆ, ಪಾಯಕ್ಕೆ ಹಾಕುತ್ತಾರೆ. ಬೂದಿಯನ್ನು ಗೊಬ್ಬರ ಅಂತ ಹೊಲಕ್ಕೆ ಚೆಲ್ಲುತ್ತಾರೆ. ದಕ್ಷಿಣ ಭಾರತದ ಎಷ್ಟೋ ಬೂದಿ ದಿಬ್ಬಗಳು ಹೀಗೇ ಕರಗಿದವು. ಕಾಲುವೆ ನೀರು ಬಂದು ಜೋಳದ ಹೊಲ ಗದ್ದೆಯಾಗುವಾಗ ನೆಲ ಮಟ್ಟ ಮಾಡಲೇಬೇಕು. ಜೆಸಿಬಿ ಚಾಲಕನಿಗೆ ಇದು 4,000 ವರ್ಷದ ಹಟ್ಟಿ ಅಂತ ಹೇಳುವವರು ಯಾರು?

ನಮಗೆ ಸಿಕ್ಕ ಪ್ರಶ್ನೆ ಇದೇ: ಈ ಕಲ್ಲುಗಳನ್ನು ಕಾಯುವ ಭಾರ ಊರಿನ ಮೇಲಿದೆ. ಕಾಯುವ ಊರಿಗೆ ಏನು ಸಿಗುತ್ತದೆ?

ಇದೇ ಪ್ರಶ್ನೆ ಬೇರೆ ದೇಶದಲ್ಲೂ ಎದ್ದಿತ್ತು. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಸೆವೆನ್ ಎಂಬ ಗುಡ್ಡಗಾಡು ಇದೆ. ಕಲ್ಲು ನೆಲ, ಬಡ ಹಳ್ಳಿಗಳು. ರೇಷ್ಮೆ ಮತ್ತು ಚೆಸ್ಟ್‌ನಟ್ ಕಾಯಿಯ ಮೇಲೆ ಬದುಕಿದ್ದ ಜನ. ರೇಷ್ಮೆಗೆ ರೋಗ ಬಂದು, ಕೆಲಸವಿಲ್ಲದೆ ಜನ ಪಟ್ಟಣಕ್ಕೆ ಹೋದರು. ಮನೆಗಳಿಗೆ ಬೀಗ ಬಿತ್ತು. ನಮ್ಮ ತಾಂಡಾಗಳಲ್ಲಿ, ಓಣಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೀಳುವ ಬೀಗ ನೋಡಿದವರಿಗೆ ಇದು ಹೊಸದಲ್ಲ. 1878ರಲ್ಲಿ ಆರ್.ಎಲ್. ಸ್ಟೀವನ್ಸನ್ ಎಂಬ ಯುವ ಲೇಖಕ ಒಂದು ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಆ ಗುಡ್ಡಗಳಲ್ಲಿ 12 ದಿನ ನಡೆದ. ಮರು ವರ್ಷ ಪುಸ್ತಕ ಬರೆದ. ಇವತ್ತು ಅವನು ನಡೆದ ದಾರಿಗೆ ಅವನದೇ ಹೆಸರು. ಮರಕ್ಕೆ, ಬಂಡೆಗೆ ಬಿಳಿ ಕೆಂಪು ಪಟ್ಟಿ ಬಳಿದು ದಾರಿ ಗುರುತು ಮಾಡಿದ್ದಾರೆ. ಬಳಿಯುವವರು ಸ್ವಯಂಸೇವಕರು. ಆ ದಾರಿಯಲ್ಲಿ ನಡೆಯಲು ಜನ ಬರುತ್ತಾರೆ, ಹಳ್ಳಿಯ ಮನೆಗಳಲ್ಲಿ ಮಲಗುತ್ತಾರೆ, ಅಲ್ಲೇ ಉಣ್ಣುತ್ತಾರೆ. ಕತ್ತೆಯನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ.

12 ದಿನ ನಡೆದವನ ಹೆಸರಿನಲ್ಲಿ ಅಷ್ಟು ಹಳ್ಳಿಗಳಿಗೆ ಒಂದಿಷ್ಟು ಅನ್ನ. ನಮ್ಮಲ್ಲಿ ಒಬ್ಬ 10 ವರ್ಷ ಇದ್ದು ಬರೆದ, ಇನ್ನೊಬ್ಬರು ಜೀವಮಾನದ ಬಹುಭಾಗ ತಿರುಗಿ ಬರೆದರು.

ಅದೇ ದೇಶದಲ್ಲಿ 1982ರಲ್ಲಿ, ಕೊಲಾಂಜ್ ಎಂಬ ಕೆಂಪು ಕಲ್ಲಿನ ಹಳ್ಳಿಯ ಮೇಯರ್ ಮುಂದಾಗಿ, ಚೆಂದದ ಹಳ್ಳಿಗಳ ಸಂಘ ಕಟ್ಟಿದರು. ಸೇರಲು ಶರತ್ತುಗಳಿವೆ. ಜನಸಂಖ್ಯೆ 2,000 ದಾಟಿರಬಾರದು. ಕನಿಷ್ಠ ಎರಡು ರಕ್ಷಿತ ಜಾಗ ಇರಬೇಕು. ನಮಗೆ ಮುಖ್ಯ ಅನಿಸಿದ್ದು ಇನ್ನೊಂದು ಶರತ್ತು: ಊರಿನ ಪಂಚಾಯಿತಿಯೇ ಠರಾವು ಮಾಡಿ ಕೇಳಿಕೊಳ್ಳಬೇಕು. ಮೇಲಿನಿಂದ ಯಾರೋ ಬಂದು ಬೋರ್ಡ್ ನೆಟ್ಟು ಹೋಗುವುದಲ್ಲ. ಊರು ತಾನೇ "ನಮ್ಮಲ್ಲಿ ಇದು ಇದೆ, ನಾವು ಕಾಯುತ್ತೇವೆ" ಅನ್ನಬೇಕು.

ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ಹೆಸರಾದ ಹಳ್ಳಿಗಳಲ್ಲಿ ಪಟ್ಟಣದವರು ಮನೆ ಕೊಂಡು ಬೇಸಿಗೆಗೆ ಮಾತ್ರ ಬರುತ್ತಾರೆ. ಮನೆ ಬೆಲೆ ಏರಿ ಊರ ಹುಡುಗರಿಗೇ ಜಾಗ ಸಿಗುವುದಿಲ್ಲ. ನಮ್ಮಲ್ಲೂ ಪ್ರವಾಸಿಗರು ಬಂದ ಕಡೆ ಏನಾಗುತ್ತದೆ ಅಂತ ಗೊತ್ತಿದೆ: ಬಾಟಲಿ ಚೂರು, ಕುರ್ಕುರೆ ಕವರು, ಬಂಡೆ ಮೇಲೆ ಸುಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು. ನಮಗೆ ರೆಸಾರ್ಟು ಬೇಡ, ಹಗ್ಗದ ಮೇಲೆ ಜಾರುವ ಆಟ ಬೇಡ, ಗುಡ್ಡದ ತಲೆ ಮೇಲೆ ಕಾಂಕ್ರೀಟ್ ಕಮಾನೂ ಬೇಡ.

ಬೇಕಾದದ್ದು ಬಹಳ ಸಣ್ಣದು. ಹೆದ್ದಾರಿ ತಿರುವಿನಲ್ಲಿ ಕನ್ನಡದ ಒಂದು ಕೈಕಂಬ. ಕಲ್ಲಿನ ತನಕ ಕಾಲುದಾರಿ, ಅದೂ ಯಾರ ಬೆಳೆಯನ್ನೂ ತುಳಿಯದ ಹಾಗೆ ಬದುವಿನ ಮೇಲೆ. ಒಂದು ಬೇವಿನ ಗಿಡದ ನೆರಳು, ಒಂದು ಹರವಿ ನೀರು. ಹೆಣ್ಣುಮಕ್ಕಳಿಗೆ ಕದ ಹಾಕಿಕೊಳ್ಳಲು ಬರುವ ಒಂದು ಶೌಚಾಲಯ. ಎಲ್ಲಕ್ಕಿಂತ ಮುಖ್ಯವಾಗಿ, ಕಥೆ ಹೇಳಬಲ್ಲ ಊರಿನ ಒಬ್ಬ ಹುಡುಗ ಅಥವಾ ಹುಡುಗಿ. ಬಂದವರು ಆ ಮಾತಿಗೆ ದುಡ್ಡು ಕೊಡಲಿ. ಮಧ್ಯಾಹ್ನ ಊರಿನ ಸ್ವಸಹಾಯ ಸಂಘದ ಮಹಿಳೆಯರ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡು ಅದಕ್ಕೂ ದುಡ್ಡು ಕೊಡಲಿ. ಹೊಲದಲ್ಲಿ ಕಲ್ಲು ಇಟ್ಟುಕೊಂಡ ರೈತನಿಗೂ ಅದರಲ್ಲಿ ಒಂದು ಪಾಲು ಇರಲಿ. ಆಗ ಓಡೋಡಿ ಬರುವ ಆ ಹಿರಿಯರು "ಸರ್ವೇದವರೇನು" ಅಂತ ಕೇಳುವುದಿಲ್ಲ. "ಬರ್ರಿ, ಕೂಡ್ರಿ, ಹೇಳ್ತೀನಿ" ಅಂತಾರೆ.

ಗ್ರಾಮಸಭೆಯಲ್ಲಿ ಇದನ್ನು ಎತ್ತಬಹುದು. ಚರಂಡಿ, ಬೀದಿ ದೀಪದ ಜೊತೆ ಇದೂ ಒಂದು ವಿಷಯ. ನಮ್ಮೂರ ಸೀಮೆಯಲ್ಲಿ ಯಾವ ಹಳೆಯ ಕಲ್ಲು, ಶಾಸನ, ಬಾವಿ, ಗುಡಿ, ಬೂದಿ ದಿಬ್ಬ ಇದೆ ಅಂತ ಸರ್ವೇ ನಂಬರ್ ಸಮೇತ ಬರೆದು ಠರಾವು ಮಾಡಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಮೈಸೂರು ಅರಮನೆ ಪ್ರವಾಸ ಆಮೇಲೆ ಇದ್ದೇ ಇದೆ.

ನೋಡಲು ಹೊರಡುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಸುಡುತ್ತದೆ, ಹೋಗಬೇಡಿ. ಮೊದಲ ದಿನ ತಿಂಥಣಿ, ದೇವಾಪುರ, ವಾಗಿಣಗೇರಾ, ಸುರಪುರ, ಸಂಜೆಗೆ ಬೋನಾಳ ಕೆರೆ. ಎರಡನೆಯ ದಿನ ಹುಣಸಗಿ, ಇಸಾಂಪುರ, ಕೊಡೇಕಲ್, ರಾಜನಕೋಳೂರು, ಛಾಯಾ ಭಗವತಿ. ಸ್ವಂತ ಗಾಡಿ ಇದ್ದರೆ ಸಲೀಸು. ಹೊಲಕ್ಕೆ ಕಾಲಿಡುವ ಮೊದಲು ಹೊಲದವರನ್ನು ಕೇಳಿ. ಇಸಾಂಪುರದಲ್ಲಾಗಲಿ ಬೂದಿಹಾಳದಲ್ಲಾಗಲಿ ಒಂದು ಕಲ್ಲಿನ ಚೂರನ್ನೂ ಕಿಸೆಗೆ ಹಾಕಬೇಡಿ. ಬಿದ್ದ ಜಾಗದಲ್ಲೇ ಇದ್ದರೆ ಅದು ಮಾತಾಡುತ್ತದೆ, ನಿಮ್ಮ ಶೋಕೇಸಿನಲ್ಲಿ ಅದು ಬರೀ ಕಲ್ಲು.

ಹೊಳೆಯ ವಿಷಯದಲ್ಲಿ ಹುಷಾರು. ಕೃಷ್ಣೆಯಲ್ಲಿ ಮೊಸಳೆ ಇವೆ. ನಾರಾಯಣಪುರದ ಗೇಟು ತೆಗೆದರೆ ಬಂಡೆಗಳ ನಡುವೆ ನೀರು ದಿಢೀರ್ ಏರುತ್ತದೆ, ಛಾಯಾ ಭಗವತಿಯ ಗುಡಿಯೇ ಜಲಾವೃತವಾಗುತ್ತದೆ. ಸೆಲ್ಫಿಗಾಗಿ ನಡು ಬಂಡೆಗೆ ಹೋಗಬೇಡಿ. ಊರವರು ಎಲ್ಲಿ ಮೀಯುತ್ತಾರೋ ಅಲ್ಲೇ ಮೀಯಿರಿ.

ಮುಂದಿನ ಭಾರತ ಹುಣ್ಣಿಮೆಗೆ ನಿಮ್ಮ ಮನೆಗೆ ಬೀಗರು, ಗೆಳೆಯರು ಬಂದರೆ ಜಾತ್ರೆ ಮರುದಿನವೇ ಬಸ್ಸು ಹತ್ತಿಸಬೇಡಿ. ಒಂದು ದಿನ ಉಳಿಸಿಕೊಳ್ಳಿ. ಎಲ್ಲ ಕಡೆ ಆಗದಿದ್ದರೆ ನಿಮ್ಮೂರ ಸೀಮೆಯಲ್ಲಿ ಇರುವ ಒಂದು ಕಲ್ಲಿನ ಹತ್ತಿರವಾದರೂ ಕರೆದುಕೊಂಡು ಹೋಗಿ, ಮನೆಯ ಹಿರಿಯರಿಂದ ಅದರ ಕಥೆ ಹೇಳಿಸಿ, ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.